ಆ 5.0 ಅನ್ನೋ ಅಂಕಿಯನ್ನು ಒಮ್ಮೆ ಅಳೆದು ನೋಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪತ್ರಿಕೆಯ ವಿಜ್ಞಾನ ಪುಟದಲ್ಲಿ ಆಗಾಗ 'ನೀವೇ ಮಾಡಿ ನೋಡಿ' ತರಹದ ಬರಹಗಳು ಬರುತ್ತವೆ. ಮೈಕ್ರೋಕಂಟ್ರೋಲರ್ ಬೋರ್ಡಿಗೆ (ಪುಟ್ಟ ಕಂಪ್ಯೂಟರ್ ಚಿಪ್ ಇರುವ ಬೋರ್ಡಿಗೆ) ಒಂದು ಸೆನ್ಸರ್ ಸಿಕ್ಕಿಸಿ ಉಷ್ಣಾಂಶ ಅಳೆಯುವುದು, ಬ್ಯಾಟರಿ ಎಷ್ಟು ಉಳಿದಿದೆ ನೋಡುವುದು, ಮಣ್ಣಿನ ತೇವ ತಿಳಿಯುವುದು, ಇಂಥವು. ಇವನ್ನು ತಪ್ಪದೆ ಓದುತ್ತೇನೆ. ಬರಹ ಚೆನ್ನಾಗಿರುತ್ತದೆ, ಚಿತ್ರವೂ ಚೆನ್ನಾಗಿರುತ್ತದೆ. ನನ್ನ ತಕರಾರು ಒಂದೇ ಒಂದು ಸಾಲಿನ ಬಗ್ಗೆ. 'ಬಂದ ಸಂಖ್ಯೆಯನ್ನು 5.0ರಿಂದ ಗುಣಿಸಿ 1023ರಿಂದ ಭಾಗಿಸಿ, ವೋಲ್ಟೇಜ್ ಸಿಗುತ್ತದೆ' ಅನ್ನುವ ಸಾಲು. ಅದು ಪ್ರತಿ ಬರಹದಲ್ಲೂ ಇರುತ್ತದೆ. ಆ 5.0 ಎಲ್ಲಿಂದ ಬಂತು, ಅದನ್ನು ಯಾರಾದರೂ ಅಳೆದು ನೋಡಿದರಾ ಅನ್ನುವುದು ಮಾತ್ರ ಯಾವ ಬರಹದಲ್ಲೂ ಇರುವುದಿಲ್ಲ.

ಓದಿದವರು ಮಾಡಿ ನೋಡುತ್ತಾರೆ. ಮಲ್ಟಿಮೀಟರ್ ಒಂದು ಹೇಳುತ್ತದೆ, ಬೋರ್ಡ್ ಇನ್ನೊಂದು ಹೇಳುತ್ತದೆ. 'ಸೆನ್ಸರ್ ಸರಿಯಿಲ್ಲ' ಅಂತ ಸೆನ್ಸರ್ ಬದಲಾಯಿಸುತ್ತಾರೆ. ಹೊಸದೂ ಅದೇ ಹಾಡು. ಆಮೇಲೆ ಯಾರೋ ಒಬ್ಬರು ಉಪಾಯ ಹೇಳಿಕೊಡುತ್ತಾರೆ: ಕೋಡಿನಲ್ಲಿ 1.7 ಡಿಗ್ರಿ ಕಳೆದುಬಿಡು, ಸರಿಹೋಗುತ್ತದೆ. ಹೌದು, ಆ ಹೊತ್ತಿಗೆ ಆ ಮೇಜಿನ ಮೇಲೆ ಸರಿಹೋಗುತ್ತದೆ. ಬೋರ್ಡನ್ನು ಲ್ಯಾಪ್‌ಟಾಪಿನಿಂದ ಬಿಡಿಸಿ ಮೊಬೈಲ್ ಚಾರ್ಜರಿಗೆ ಹಾಕಿ ನೋಡಿ, ಮತ್ತೆ ಕೆಟ್ಟಿರುತ್ತದೆ.

ಇದು ಯಾಕೆ ಹೀಗಾಗುತ್ತದೆ ಅಂತ ಒಂದು ಪತ್ರ ಬರೆಯಬೇಕು ಅಂತ ಬಹಳ ದಿನದಿಂದ ಅಂದುಕೊಂಡಿದ್ದೆ. ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ಮೊದಲು ಮೂಲದ ಮಾತು. ಬೋರ್ಡಿನೊಳಗಿನ ಎಡಿಸಿಗೆ, ಅಂದರೆ ಪಿನ್ನಿನ ವೋಲ್ಟೇಜನ್ನು ಸಂಖ್ಯೆಯಾಗಿ ಬದಲಾಯಿಸುವ ಸರ್ಕ್ಯೂಟಿಗೆ, ವೋಲ್ಟ್ ಅಂದರೆ ಏನಂತ ಗೊತ್ತೇ ಇಲ್ಲ. ಪಿನ್ನಿನ ಮೇಲೆ ಬಂದ ವೋಲ್ಟೇಜು, ತನ್ನ ರೆಫರೆನ್ಸ್ ವೋಲ್ಟೇಜಿನ (ಅಳತೆಗೋಲಾಗಿ ಇಟ್ಟುಕೊಂಡ ವೋಲ್ಟೇಜಿನ) ಎಷ್ಟನೇ ಭಾಗ ಅನ್ನುವುದಷ್ಟೇ ಅದು ಹೇಳುವುದು. ಆರ್ಡುಯಿನೊ ಊನೊ (ಆರ್3) ಅನ್ನುವ ಬೋರ್ಡಿನಲ್ಲಿರುವ ಎಟಿಮೆಗಾ328ಪಿ ಚಿಪ್ಪಿನಲ್ಲಿ ಆ ಭಾಗ 0ಯಿಂದ 1023ರವರೆಗಿನ ಒಂದು ಸಂಖ್ಯೆಯಾಗಿ ಬರುತ್ತದೆ. 512 ಬಂತು ಅಂದರೆ 'ರೆಫರೆನ್ಸಿನ ಅರ್ಧ' ಅಂತ ಅರ್ಥ, 2.5 ವೋಲ್ಟ್ ಅಂತ ಅಲ್ಲ. ಬೇರೆ ಏನೂ ಹೇಳದಿದ್ದರೆ ಆ ರೆಫರೆನ್ಸ್ ಅಂದರೆ ಚಿಪ್ಪಿಗೆ ಬರುತ್ತಿರುವ ಸಪ್ಲೈಯೇ. ಸಪ್ಲೈ ಇಳಿದರೆ ರೆಫರೆನ್ಸೂ ಇಳಿಯುತ್ತದೆ. ಎಳೆದರೆ ಹಿಗ್ಗುವ ಟೇಪಿನಲ್ಲಿ ಬಟ್ಟೆ ಅಳೆದ ಹಾಗೆ ಇದು, ಬಟ್ಟೆ ಅಷ್ಟೇ ಇದ್ದರೂ ಅಳತೆ ಬದಲಾಗುತ್ತಾ ಹೋಗುತ್ತದೆ.

ಹಾಗಾದರೆ ಸಪ್ಲೈ ನಿಜವಾಗಿ 5 ವೋಲ್ಟ್ ಇರುತ್ತದಾ? ಯುಎಸ್‌ಬಿ ಪೋರ್ಟಿನಲ್ಲಿ 4.75ರಿಂದ 5.25ರವರೆಗೆ ಎಷ್ಟಿದ್ದರೂ ನಿಯಮದ ಒಳಗೇ ಇದ್ದ ಹಾಗೆ. ಅದರ ಮೇಲೆ ತೆಳ್ಳಗಿನ ಕೇಬಲ್ಲಿನಲ್ಲಿ ಒಂದಿಷ್ಟು ಹೋಗುತ್ತದೆ, ಬೋರ್ಡಿನ ಫ್ಯೂಸಿನಲ್ಲಿ ಒಂದಿಷ್ಟು ಹೋಗುತ್ತದೆ. ನ್ಯಾನೊ ಬೋರ್ಡಾದರೆ ಯುಎಸ್‌ಬಿ ದಾರಿಯಲ್ಲಿ ಒಂದು ಡಯೋಡ್ ಬೇರೆ ಕೂತಿರುತ್ತದೆ, ಅದೂ ತನ್ನ ಪಾಲು ತೆಗೆದುಕೊಳ್ಳುತ್ತದೆ. ಕೊನೆಗೆ ಚಿಪ್ಪಿಗೆ 4.7 ಸಿಕ್ಕರೆ ಆಶ್ಚರ್ಯಪಡಬೇಕಾದ್ದಿಲ್ಲ.

ಈಗ ಲೆಕ್ಕ ಹಾಕಿ ನೋಡೋಣ. ಎಲ್‌ಎಂ35 ಅನ್ನುವ ಉಷ್ಣಾಂಶದ ಸೆನ್ಸರ್ ಪ್ರತಿ ಡಿಗ್ರಿಗೆ 10 ಮಿಲಿವೋಲ್ಟ್ ಕೊಡುತ್ತದೆ. 30 ಡಿಗ್ರಿ ಇದ್ದಾಗ 300 ಮಿಲಿವೋಲ್ಟ್. ರೆಫರೆನ್ಸ್ 4.7 ಇದ್ದರೆ ಎಡಿಸಿ 65 ಅನ್ನುತ್ತದೆ. ಕೋಡು ಅದನ್ನು 5 ವೋಲ್ಟಿನ ಲೆಕ್ಕದಲ್ಲಿ ಬಿಡಿಸಿ ಸುಮಾರು 31.7 ಡಿಗ್ರಿ ಅಂತ ತೋರಿಸುತ್ತದೆ. ಅದೇ ಬೋರ್ಡನ್ನು 5.1 ವೋಲ್ಟ್ ಕೊಡುವ ಅಡಾಪ್ಟರಿಗೆ ಹಾಕಿದರೆ ಸಂಖ್ಯೆ 60ಕ್ಕೆ ಇಳಿಯುತ್ತದೆ, ಪರದೆಯ ಮೇಲೆ 29.3 ಬರುತ್ತದೆ. ಕೋಣೆಯ ಬಿಸಿ ಬದಲಾಗಿಲ್ಲ, ಸೆನ್ಸರ್ ಬದಲಾಗಿಲ್ಲ, ಎರಡು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಬಂತು.

1.7 ಕಳೆಯುವ ಉಪಾಯ ಯಾಕೆ ಕೆಲಸ ಮಾಡಲ್ಲ ಅನ್ನುವುದೂ ಇಲ್ಲೇ ಕಾಣುತ್ತದೆ. ಇದು ಗುಣಾಕಾರದ ತಪ್ಪು. ಬಿಸಿ ಏರಿದ ಹಾಗೆ ತಪ್ಪೂ ಏರುತ್ತದೆ. ಅದೇ ಬೋರ್ಡು 60 ಡಿಗ್ರಿಯಲ್ಲಿ 63.5 ತೋರಿಸುತ್ತದೆ, 1.7 ಕಳೆದರೂ 61.8 ಉಳಿಯುತ್ತದೆ. ಒಂದೇ ಒಂದು ಬಿಂದುವಿನಲ್ಲಿ ತಾಳೆ ನೋಡಿ 'ಕ್ಯಾಲಿಬ್ರೇಟ್ ಮಾಡಿದ್ದೇನೆ' ಅನ್ನುವವರು ಇದನ್ನು ದಯವಿಟ್ಟು ಗಮನಿಸಬೇಕು. ಕಡಿಮೆ ಅಂದರೆ ದೂರದೂರದ ಎರಡು ಬಿಂದುಗಳಲ್ಲಿ ನೋಡದೆ, ತಪ್ಪು ಕೂಡುವ ತರಹದ್ದೋ ಗುಣಿಸುವ ತರಹದ್ದೋ ಅಂತ ಹೇಳುವುದಕ್ಕೇ ಆಗುವುದಿಲ್ಲ.

ಇನ್ನೊಂದು ಗಮ್ಮತ್ತಿನ ಸಂಗತಿ ಇದೆ. ತುಂಬ ಜನ ಎಡಿಸಿ ಸರಿಯಿದೆಯಾ ಅಂತ ನೋಡುವುದಕ್ಕೆ ಪೊಟೆನ್ಶಿಯೋಮೀಟರ್, ಅಂದರೆ ತಿರುಗಿಸಿ ಬದಲಾಯಿಸುವ ರೆಸಿಸ್ಟರ್, ಹಾಕುತ್ತಾರೆ. ತಿರುಗಿಸಿದರೆ 0ಯಿಂದ 1023ರವರೆಗೆ ನುಣ್ಣಗೆ ಹೋಗುತ್ತದೆ. 'ಎಡಿಸಿ ಚೆನ್ನಾಗಿದೆ, ಹಾಗಾದರೆ ಸೆನ್ಸರೇ ಕೆಟ್ಟಿದೆ' ಅಂತ ತೀರ್ಮಾನ. ಆದರೆ ಪೊಟೆನ್ಶಿಯೋಮೀಟರಿಗೂ ಅದೇ ಸಪ್ಲೈ, ಎಡಿಸಿಗೂ ಅದೇ ರೆಫರೆನ್ಸ್. ಸಪ್ಲೈ ಎಷ್ಟು ಇಳಿದರೂ ಎರಡೂ ಒಟ್ಟಿಗೆ ಇಳಿಯುತ್ತವೆ, ಭಾಗ ಮಾತ್ರ ಹಾಗೇ ಉಳಿಯುತ್ತದೆ. ಥರ್ಮಿಸ್ಟರ್ (ಬಿಸಿಗೆ ರೆಸಿಸ್ಟೆನ್ಸ್ ಬದಲಾಗುವ ಸೆನ್ಸರ್) ಒಂದು ರೆಸಿಸ್ಟರ್ ಜೊತೆ ಸೇರಿ ಸಪ್ಲೈಗೆ ಕಟ್ಟಿದ್ದರೂ ಇದೇ ಕತೆ. ಇಂಥ ಜಾಗದಲ್ಲಿ ಸಪ್ಲೈಯನ್ನೇ ರೆಫರೆನ್ಸ್ ಮಾಡಿಕೊಳ್ಳುವುದು ಜಾಣತನ, ತಪ್ಪಲ್ಲ. ವೋಲ್ಟ್ ಅನ್ನುವುದನ್ನು ಕೋಡಿಗೆ ತರಲೇಬಾರದು, ಭಾಗದಲ್ಲೇ ಲೆಕ್ಕ ಮುಗಿಸಬೇಕು. ತೊಂದರೆ ಬರುವುದು ಎಲ್‌ಎಂ35 ತರಹದ, ಸಪ್ಲೈ ಏನೇ ಇದ್ದರೂ ತನ್ನದೇ ಮಿಲಿವೋಲ್ಟ್ ಕೊಡುವ ಸೆನ್ಸರುಗಳಲ್ಲಿ. ಬ್ಯಾಟರಿ ಅಳೆಯುವಾಗಲೂ ಅಷ್ಟೆ.

ಹಾಗಾಗಿ ಪರೀಕ್ಷೆಗೆ ಪೊಟೆನ್ಶಿಯೋಮೀಟರ್ ಬೇಡ. ಒಂದು ಸಾದಾ ಪೆನ್ಸಿಲ್ ಸೆಲ್ ತೆಗೆದುಕೊಳ್ಳಿ. ಮೈನಸ್ಸನ್ನು ಬೋರ್ಡಿನ ಗ್ರೌಂಡ್ ಪಿನ್ನಿಗೆ, ಪ್ಲಸ್ಸನ್ನು ಅನಲಾಗ್ ಪಿನ್ನಿಗೆ ಹಿಡಿಯಿರಿ. ಸೆಲ್ಲಿನ ವೋಲ್ಟೇಜನ್ನು ಮೀಟರಿನಲ್ಲಿ ನೋಡಿಕೊಂಡಿರಿ. ಅದು 1.55 ಇದ್ದು, ಎಡಿಸಿ 337 ಕೊಟ್ಟರೆ, 1.55ನ್ನು 1024ರಿಂದ ಗುಣಿಸಿ 337ರಿಂದ ಭಾಗಿಸಿ. 4.71 ಬರುತ್ತದೆ. ಅದೇ ನಿಮ್ಮ ನಿಜವಾದ ರೆಫರೆನ್ಸ್. ಬೋರ್ಡಿನ 5 ವೋಲ್ಟ್ ಪಿನ್ನಿಗೆ ಮೀಟರ್ ಹಿಡಿದರೆ ಹತ್ತಿರಹತ್ತಿರ ಅದೇ ಕಾಣಬೇಕು. ಸೆಲ್ ಇಷ್ಟು ಒಳ್ಳೆಯ ಪರೀಕ್ಷಕ ಯಾಕೆ ಅಂದರೆ ಅದರಲ್ಲಿ ಗದ್ದಲ ಇಲ್ಲ, ಅದಕ್ಕೆ ಬೇರೆ ಸಪ್ಲೈ ಬೇಡ, ಅದರ ಒಳಗಿನ ರೆಸಿಸ್ಟೆನ್ಸ್ ಒಂದು ಓಮಿಗಿಂತಲೂ ಕಡಿಮೆ. ಸೆಲ್ ಸರಿಯಾಗಿ ಓದಿ ಸೆನ್ಸರ್ ತಪ್ಪು ಓದಿದರೆ ಬೋರ್ಡನ್ನು ಬಿಟ್ಟು ಸೆನ್ಸರಿನ ಕಡೆ ಹುಡುಕಿ. ಸೆಲ್ಲೇ ತಪ್ಪು ಓದಿದರೆ ಸೆನ್ಸರಿಗೆ ಬೈಯಬೇಡಿ. ಅರ್ಧ ಹುಡುಕಾಟ ಇಲ್ಲೇ ಮುಗಿಯುತ್ತದೆ.

ಮೀಟರನ್ನೂ ಕಣ್ಣುಮುಚ್ಚಿ ನಂಬಬೇಡಿ ಅಂತ ಒಂದು ಮಾತು. ಅದರೊಳಗಿನ ಬ್ಯಾಟರಿ ಸೊರಗಿದ್ದರೆ ಅಗ್ಗದ ಮೀಟರುಗಳು ಇದ್ದದ್ದಕ್ಕಿಂತ ಜಾಸ್ತಿ ತೋರಿಸುತ್ತವೆ. ಪರದೆಯ ಮೂಲೆಯಲ್ಲಿ ಬ್ಯಾಟರಿ ಚಿಹ್ನೆ ಮಿನುಗುತ್ತಿದ್ದರೆ ಆ ಮೀಟರನ್ನು ಸಾಕ್ಷಿಗೆ ಕರೆಯಬಾರದು.

ರೆಫರೆನ್ಸ್ ಸರಿಮಾಡಿಕೊಳ್ಳುವುದು ಕಷ್ಟವೇನಲ್ಲ. ಎಟಿಮೆಗಾ328ಪಿ ಒಳಗೇ 1.1 ವೋಲ್ಟಿನ ಇನ್ನೊಂದು ರೆಫರೆನ್ಸ್ ಇದೆ. ಕೋಡಿನ ಒಂದೇ ಸಾಲಿನಲ್ಲಿ ಅದಕ್ಕೆ ಬದಲಾಯಿಸಬಹುದು. ಎಲ್‌ಎಂ35ಗೆ ಇದು ಹೇಳಿ ಮಾಡಿಸಿದ್ದು: 110 ಡಿಗ್ರಿವರೆಗೆ ಅಳೆಯಬಹುದು, ಒಂದು ಮೆಟ್ಟಿಲು ಸುಮಾರು ಒಂದು ಮಿಲಿವೋಲ್ಟ್, ಅಂದರೆ ಡಿಗ್ರಿಯ ಹತ್ತನೇ ಒಂದು ಭಾಗ. 5 ವೋಲ್ಟ್ ರೆಫರೆನ್ಸಿನಲ್ಲಿ ಅದೇ ಮೆಟ್ಟಿಲು 4.88 ಮಿಲಿವೋಲ್ಟ್, ಸುಮಾರು ಅರ್ಧ ಡಿಗ್ರಿ. ಇಲ್ಲೊಂದು ಎಚ್ಚರಿಕೆ ಇದೆ. 1.1 ಅಂತ ಹೆಸರಿದ್ದರೂ ಚಿಪ್ಪಿನಿಂದ ಚಿಪ್ಪಿಗೆ ಅದು 1.0ರಿಂದ 1.2ರ ನಡುವೆ ಎಲ್ಲಿ ಬೇಕಾದರೂ ಇರಬಹುದು ಅಂತ ತಯಾರಕರೇ ಡೇಟಾಶೀಟಿನಲ್ಲಿ ಬರೆದಿದ್ದಾರೆ. ಅಂದರೆ ನಿಮ್ಮ ಬೋರ್ಡಿನದ್ದು ಎಷ್ಟು ಅಂತ ಒಂದು ಸಲ ಅಳೆದು ಕೋಡಿನಲ್ಲಿ ಬರೆದುಕೊಳ್ಳಬೇಕು. ಆ ರೆಫರೆನ್ಸನ್ನು ಆರಿಸಿ ಒಮ್ಮೆ ಓದಿದ ಮೇಲೆ ಎಆರ್‌ಇಎಫ್ ಅನ್ನುವ ರೆಫರೆನ್ಸ್ ಪಿನ್ನಿನ ಮೇಲೆ ಮೀಟರ್ ಹಿಡಿದರೆ ಸಿಗುತ್ತದೆ. ಒಂದು ಸಲ ಅಳೆದರೆ ಸಾಕು, ಸಪ್ಲೈ ಬದಲಾದರೂ ಅದು ಅಲ್ಲಾಡುವುದಿಲ್ಲ. ರೆಫರೆನ್ಸ್ ಬದಲಾಯಿಸಿದ ತಕ್ಷಣ ಬರುವ ಮೊದಲ ಕೆಲವು ರೀಡಿಂಗುಗಳನ್ನು ಎಸೆದುಬಿಡಿ, ಅದು ನೆಲೆಗೆ ನಿಲ್ಲಲು ಸ್ವಲ್ಪ ಹೊತ್ತು ಬೇಕು.

ಇನ್ನೂ ನಿಖರ ಬೇಕು ಅನ್ನುವವರು ಹೊರಗಿನ ರೆಫರೆನ್ಸ್ ಚಿಪ್ ಹಾಕುತ್ತಾರೆ, ಎಲ್‌ಎಂ4040 ಅಥವಾ ಟಿಎಲ್431 ತರಹದ್ದು. ಅದನ್ನು ಎಆರ್‌ಇಎಫ್ ಪಿನ್ನಿಗೆ ಕೊಡುವ ಮೊದಲು ಕೋಡಿನಲ್ಲಿ 'ಹೊರಗಿನ ರೆಫರೆನ್ಸ್' ಅಂತ ಹೇಳಿರಲೇಬೇಕು. ಹೇಳದೆ ಅನಲಾಗ್ ರೀಡ್ ಕರೆದರೆ ಒಳಗಿನ ಸಪ್ಲೈಯೂ ಹೊರಗಿನ ರೆಫರೆನ್ಸೂ ಮುಖಾಮುಖಿ ಶಾರ್ಟ್ ಆಗುತ್ತವೆ, ಚಿಪ್ ಸುಟ್ಟರೂ ಸುಡಬಹುದು. ಈ ಒಂದು ಎಚ್ಚರಿಕೆ ಇಲ್ಲದೆ ಎಆರ್‌ಇಎಫ್ ಪಿನ್ ಬಳಸಿ ಅಂತ ಯಾರೂ ಬರೆಯಬಾರದು.

ಈಗ ಗ್ರೌಂಡಿನ ವಿಷಯ. ನನ್ನ ಕೇಳಿದರೆ ರೆಫರೆನ್ಸ್ ಬಿಟ್ಟರೆ ಜಾಸ್ತಿ ಜನ ಎಡವುವುದು ಇಲ್ಲೇ. ಚಿತ್ರದಲ್ಲಿ ಗ್ರೌಂಡ್ ಅಂದರೆ ಒಂದು ಕಪ್ಪು ಗೆರೆ, ಎಲ್ಲ ಕಡೆಯೂ ಸೊನ್ನೆ. ಬ್ರೆಡ್‌ಬೋರ್ಡಿನಲ್ಲಿ ಅದು ತಂತಿ. ತಂತಿಗೆ ರೆಸಿಸ್ಟೆನ್ಸ್ ಇದೆ, ಸಿಕ್ಕಿಸಿದ ಜಾಗಕ್ಕೂ ಇದೆ. ಒಂದು ಉದಾಹರಣೆ ತೆಗೆದುಕೊಳ್ಳಿ. ಒಂದೇ ಬ್ರೆಡ್‌ಬೋರ್ಡಿನಲ್ಲಿ ಎಲ್‌ಎಂ35 ಇದೆ, ಪಕ್ಕದಲ್ಲೇ ಎಂಕ್ಯೂ ಸರಣಿಯ ಗ್ಯಾಸ್ ಸೆನ್ಸರ್ ಇದೆ. ಗ್ಯಾಸ್ ಸೆನ್ಸರಿನ ಒಳಗೆ ಒಂದು ಹೀಟರ್ ಇರುತ್ತದೆ, ಅದು 5 ವೋಲ್ಟಿನಲ್ಲಿ ಸುಮಾರು 150 ಮಿಲಿಆಂಪ್ ಎಳೆಯುತ್ತದೆ. ಎರಡರ ಗ್ರೌಂಡೂ ಒಂದೇ ಜಂಪರ್ ವೈರಿನಲ್ಲಿ ಬೋರ್ಡಿಗೆ ಹೋಗುತ್ತದೆ. ಆ ವೈರೂ ಅದರ ಎರಡು ತುದಿ ಸಿಕ್ಕಿಸಿದ ಜಾಗಗಳೂ ಸೇರಿ 0.2 ಓಮ್ ಇದೆ ಅಂದುಕೊಳ್ಳಿ. 30 ಮಿಲಿವೋಲ್ಟ್ ಅಲ್ಲೇ ಹುಟ್ಟಿತು. ಬ್ರೆಡ್‌ಬೋರ್ಡಿನ ಗ್ರೌಂಡು ಮೈಕ್ರೋಕಂಟ್ರೋಲರಿನ ಗ್ರೌಂಡಿಗಿಂತ 30 ಮಿಲಿವೋಲ್ಟ್ ಮೇಲಿದೆ, ಸೆನ್ಸರ್ ಕೊಡುವ ವೋಲ್ಟೇಜು ಆ ಎತ್ತರದ ಮೇಲೆ ಕೂರುತ್ತದೆ, ಎಡಿಸಿ ಅದನ್ನೂ ಸೇರಿಸಿ ಓದುತ್ತದೆ. ಮೂರು ಡಿಗ್ರಿ ಜಾಸ್ತಿ.

ಇದರಲ್ಲಿ ಜನರನ್ನು ತಲೆಕೆಡಿಸುವುದು ಮೀಟರ್. ಕಪ್ಪು ಪ್ರೋಬನ್ನು ಸೆನ್ಸರಿನ ಗ್ರೌಂಡ್ ಕಾಲಿಗೆ ಹಿಡಿದು ಅಳೆಯುತ್ತಾರೆ, 300 ಬರುತ್ತದೆ. 'ಮೀಟರ್ ಸರಿ ಹೇಳುತ್ತದೆ, ಬೋರ್ಡ್ 330 ಅನ್ನುತ್ತದೆ, ಬೋರ್ಡೇ ತಪ್ಪು' ಅನ್ನುತ್ತಾರೆ. ಕಪ್ಪು ಪ್ರೋಬನ್ನು ಮೈಕ್ರೋಕಂಟ್ರೋಲರ್ ಬೋರ್ಡಿನ ಗ್ರೌಂಡ್ ಪಿನ್ನಿಗೆ ಹಿಡಿದು, ಕೆಂಪನ್ನು ಅನಲಾಗ್ ಪಿನ್ನಿಗೇ ಹಿಡಿದು ನೋಡಿ. ಮೀಟರೂ 330 ಅನ್ನುತ್ತದೆ. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು, ಬೇರೆಬೇರೆ ಜಾಗದಲ್ಲಿ ನಿಂತು. ಆಮೇಲೆ ಎರಡು ಗ್ರೌಂಡುಗಳ ನಡುವೆಯೇ ಮೀಟರಿನ ಎರಡೂ ಪ್ರೋಬ್ ಹಿಡಿಯಿರಿ, ಮಿಲಿವೋಲ್ಟ್ ರೇಂಜಿನಲ್ಲಿ. ಸೊನ್ನೆ ಬರಲಿಲ್ಲ ಅಂದರೆ ಕಳ್ಳ ಸಿಕ್ಕಿದ.

ಪರಿಹಾರ ಸರಳ. ಜಾಸ್ತಿ ಕರೆಂಟ್ ಎಳೆಯುವ ಹೀಟರ್, ಮೋಟಾರ್, ಸರ್ವೊ, ರಿಲೇ ಇವುಗಳ ಗ್ರೌಂಡಿಗೆ ಬೇರೆ ತಂತಿ ಕೊಡಿ, ನೇರ ಸಪ್ಲೈವರೆಗೆ. ಸೆನ್ಸರಿನ ಗ್ರೌಂಡಿಗೆ ಬೇರೆ ತಂತಿ, ನೇರ ಬೋರ್ಡಿನ ಗ್ರೌಂಡ್ ಪಿನ್ನಿಗೆ. ಎರಡೂ ಒಂದೇ ಕಡೆ ಸೇರಲಿ. ಇಲ್ಲಿ ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಹೇಳಿಬಿಡುತ್ತೇನೆ. ರೀಡಿಂಗ್ ಸರಿ ಬರದಿದ್ದಾಗ ಎಡಿಎಸ್1115 ತರಹದ 16 ಬಿಟ್ ಎಡಿಸಿ ತಂದು ಹಾಕಿದರೆ ಎಲ್ಲ ಸರಿಹೋಗುತ್ತದೆ ಅನ್ನುವ ನಂಬಿಕೆ ಇದೆ. ಅದರಲ್ಲಿ ಸ್ವಂತ ರೆಫರೆನ್ಸ್ ಇದೆ, ಹಾಗಾಗಿ ಸಪ್ಲೈಯ ಕಾಟ ತಪ್ಪುತ್ತದೆ, ನಿಜ. ಆದರೆ ಗ್ರೌಂಡ್ ತಂತಿಯಲ್ಲಿ 30 ಮಿಲಿವೋಲ್ಟ್ ಬೀಳುತ್ತಿದ್ದರೆ, ಸೆನ್ಸರಿನ ಎರಡು ಕಾಲಿನ ನಡುವೆಯೇ ಡಿಫರೆನ್ಶಿಯಲ್ ಆಗಿ ಓದದ ಹೊರತು, ಅದು ಆ ತಪ್ಪನ್ನೂ 16 ಬಿಟ್ ನಿಖರತೆಯಲ್ಲಿ ತೋರಿಸುತ್ತದೆ.

ಮೂರನೆಯದು ಬ್ಯಾಟರಿ ಅಳೆಯುವವರ ಕಷ್ಟ. 12 ವೋಲ್ಟ್ ಬ್ಯಾಟರಿಯನ್ನು ಎರಡು ರೆಸಿಸ್ಟರಿನಲ್ಲಿ ಭಾಗ ಮಾಡಿ ಪಿನ್ನಿಗೆ ಕೊಡುತ್ತಾರೆ. ಬ್ಯಾಟರಿ ಸುಮ್ನೆ ಖಾಲಿಯಾಗಬಾರದು ಅಂತ ದೊಡ್ಡ ರೆಸಿಸ್ಟರ್ ಆರಿಸುತ್ತಾರೆ, ಮೇಲೆ 1 ಮೆಗಾಓಮ್, ಕೆಳಗೆ 470 ಕಿಲೋಓಮ್. ಲೆಕ್ಕದ ಪ್ರಕಾರ ಪಿನ್ನಿನ ಮೇಲೆ 3.84 ವೋಲ್ಟ್ ಬರಬೇಕು. ಪಿನ್ನಿನ ಕಡೆಯಿಂದ ನೋಡಿದರೆ ಈ ಜೋಡಿ ಸುಮಾರು 320 ಕಿಲೋಓಮಿನ ಮೂಲ. ಎಟಿಮೆಗಾ ಡೇಟಾಶೀಟ್ ಹೇಳುವುದು 10 ಕಿಲೋಓಮ್ ಅಥವಾ ಅದಕ್ಕಿಂತ ಕಡಿಮೆ ಇರಲಿ ಅಂತ. ಯಾಕೆ ಅಂದರೆ ಎಡಿಸಿ ಪ್ರತಿ ಸಲ ಓದುವಾಗಲೂ ಒಳಗಿನ 14 ಪಿಕೋಫ್ಯಾರಡಿನ ಪುಟ್ಟ ಕೆಪಾಸಿಟರನ್ನು ಆ ಪಿನ್ನಿನಿಂದ ತುಂಬಿಸಿಕೊಳ್ಳಬೇಕು, ಅದಕ್ಕೆ ಸಿಗುವ ಸಮಯ ಆರ್ಡುಯಿನೊದ ಮಾಮೂಲಿ ವೇಗದಲ್ಲಿ 12 ಮೈಕ್ರೋಸೆಕೆಂಡ್ ಮಾತ್ರ. 320 ಕಿಲೋಓಮಿನ ಮೂಲಕ ಅದು ಪೂರ್ತಿ ತುಂಬುವುದಿಲ್ಲ. ಹಿಂದಿನ ಪಿನ್ನಿನ ವೋಲ್ಟೇಜು ಅದರಲ್ಲಿ ಒಂದಿಷ್ಟು ಉಳಿದಿರುತ್ತದೆ. ಅದಕ್ಕೇ ಎ0 ಪಿನ್ನಿನಲ್ಲಿ ಏನೋ ಬದಲಾದರೆ ಎ1 ರೀಡಿಂಗೂ ಅಲ್ಲಾಡುವುದು, 'ಎರಡು ಸೆನ್ಸರ್ ಒಂದಕ್ಕೊಂದು ಅಂಟಿಕೊಂಡಿವೆ' ಅಂತ ಜನ ಗೊಂದಲಪಡುವುದು.

ಈಗ ಮೀಟರ್ ಹಿಡಿಯುತ್ತಾರೆ. ಮೀಟರಿನ ಒಳಗೂ 10 ಮೆಗಾಓಮ್ ಇದೆ. ಅದು ಕೆಳಗಿನ ರೆಸಿಸ್ಟರಿಗೆ ಪಕ್ಕದಲ್ಲಿ ಸೇರಿಕೊಂಡು ವೋಲ್ಟೇಜನ್ನು ಎಳೆಯುತ್ತದೆ, ಪರದೆಯಲ್ಲಿ 3.72 ಬರುತ್ತದೆ. ಲೆಕ್ಕ ಹೇಳುವುದು ಒಂದು, ಮೀಟರ್ ಹೇಳುವುದು ಇನ್ನೊಂದು, ಎಡಿಸಿ ಹೇಳುವುದು ಮತ್ತೊಂದು. ಅದರ ಮೇಲೆ ಚಿನ್ನದ ಬಣ್ಣದ ಪಟ್ಟಿಯ ರೆಸಿಸ್ಟರಾದರೆ ಪ್ರತಿಯೊಂದೂ 5 ಶೇಕಡ ಆಚೀಚೆ ಇರಬಹುದು, ಲೆಕ್ಕವೂ ಪೂರ್ತಿ ನಂಬಿಕಸ್ಥವಲ್ಲ. ಇಂಥ ಕಡೆ ಪಿನ್ನಿಗೂ ಗ್ರೌಂಡಿಗೂ ನಡುವೆ 0.1 ಮೈಕ್ರೋಫ್ಯಾರಡಿನ ಒಂದು ಕೆಪಾಸಿಟರ್ ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಒಳಗಿನ 14 ಪಿಕೋಫ್ಯಾರಡ್ ತುಂಬುವುದಕ್ಕೆ ಹೊರಗೆ ಅದರ ಸಾವಿರಾರು ಪಟ್ಟು ದೊಡ್ಡ ದಾಸ್ತಾನು ಸಿಕ್ಕ ಹಾಗಾಯಿತು. ವೋಲ್ಟೇಜ್ ಬದಲಾದಾಗ ಅದು ನೆಲೆಗೊಳ್ಳಲು ಸೆಕೆಂಡಿನ ಸಣ್ಣ ಭಾಗ ಹಿಡಿಯುತ್ತದೆ, ಬ್ಯಾಟರಿಗೆ ಅದು ಲೆಕ್ಕಕ್ಕಿಲ್ಲ. ವೇಗವಾಗಿ ಬದಲಾಗುವ ಸಿಗ್ನಲ್ ಆದರೆ ಆಪ್‌ಆಂಪ್ ಬಫರ್ ಬೇಕು, ಅಂದರೆ ಮೂಲಕ್ಕೆ ಭಾರ ಹಾಕದೆ ಅದೇ ವೋಲ್ಟೇಜನ್ನು ದಾಟಿಸುವ ಚಿಪ್. ಪಿಎಚ್ ಅಳೆಯುವ ಗಾಜಿನ ಪ್ರೋಬಿನ ರೆಸಿಸ್ಟೆನ್ಸ್ ನೂರು ಮೆಗಾಓಮ್ ಆಸುಪಾಸಿನಲ್ಲಿರುವುದರಿಂದ ಬಫರ್ ಇಲ್ಲದೆ ಅದನ್ನು ಪಿನ್ನಿಗೆ ಹಾಕುವ ಯೋಚನೆಯನ್ನೇ ಬಿಟ್ಟುಬಿಡಿ.

ಹಾಗಂತ ಎಲ್ಲ ಸೆನ್ಸರಿಗೂ ಕಣ್ಣುಮುಚ್ಚಿ ಕೆಪಾಸಿಟರ್ ಹಾಕಬೇಡಿ. ಎಲ್‌ಎಂ35 ತನ್ನ ಔಟ್‌ಪುಟ್ಟಿನಲ್ಲಿ ನೇರವಾಗಿ ತಡೆದುಕೊಳ್ಳುವುದು 50 ಪಿಕೋಫ್ಯಾರಡ್ ಮಾತ್ರ. ನೇರ 0.1 ಮೈಕ್ರೋಫ್ಯಾರಡ್ ಕಟ್ಟಿದರೆ, ಅಥವಾ ಉದ್ದನೆಯ ಕೇಬಲ್ಲಿನ ತುದಿಯಲ್ಲಿ ಇಟ್ಟರೆ, ಅದು ಒಳಗೊಳಗೇ ಆಸಿಲೇಟ್ ಆಗಬಹುದು (ತಾನೇ ಏರಿಳಿಯತೊಡಗಬಹುದು), ರೀಡಿಂಗ್ ಇನ್ನೂ ಹದಗೆಡುತ್ತದೆ. ಸೆನ್ಸರಿನ ಹತ್ತಿರವೇ ಸಾಲಿನಲ್ಲಿ ಒಂದು 2 ಕಿಲೋಓಮ್ ರೆಸಿಸ್ಟರ್ ಹಾಕಿ, ಆಮೇಲೆ ಕೆಪಾಸಿಟರ್ ಹಾಕಿ.

ಇನ್ನು 'ಸರಾಸರಿ ತೆಗೆಯಿರಿ' ಅನ್ನುವ ಸಲಹೆ. ಎಲ್ಲ ಕಾಯಿಲೆಗೂ ಇದೇ ಗುಳಿಗೆ ಕೊಡುತ್ತಾರೆ. ಮೊದಲು ರೀಡಿಂಗ್ ಕುಣಿಯುತ್ತಿದೆಯಾ ಅಥವಾ ಒಂದೇ ಕಡೆ ನಿಂತು ತಪ್ಪಾಗಿದೆಯಾ ನೋಡಿ. ಕುಣಿಯುತ್ತಿದ್ದರೆ ಸರಾಸರಿ ಸಹಾಯ ಮಾಡುತ್ತದೆ. ಅದರಲ್ಲೂ ಮೇನ್ಸ್ ಕರೆಂಟಿನ ಗುಂಯ್ ಶಬ್ದ ತಂತಿಗೆ ಅಂಟಿದ್ದರೆ, 50 ಹರ್ಟ್ಸಿನ ಒಂದು ಪೂರ್ತಿ ಸುತ್ತು, ಅಂದರೆ 20 ಮಿಲಿಸೆಕೆಂಡಿನ ಉದ್ದಕ್ಕೂ ಓದಿ ಸರಾಸರಿ ತೆಗೆದರೆ ಅದು ಅಳಿಸಿಹೋಗುತ್ತದೆ. ಒಂದೇ ಕಡೆ ನಿಂತು ತಪ್ಪಾಗಿದ್ದರೆ ಸಾವಿರ ಸಲ ಓದಿ ಸರಾಸರಿ ತೆಗೆದರೂ ಅದೇ ತಪ್ಪು, ಇನ್ನೂ ಗಟ್ಟಿಯಾಗಿ. ಪಿನ್ನಿಗೆ ಏನನ್ನೂ ಸಿಕ್ಕಿಸದೆ ಓದಿ 'ಸೊನ್ನೆ ಬರಬೇಕಿತ್ತು, 300 ಬರುತ್ತಿದೆ' ಅನ್ನುವವರೂ ಇದ್ದಾರೆ. ಗಾಳಿಯಲ್ಲಿ ತೇಲುವ ಪಿನ್ ಏನು ಬೇಕಾದರೂ ಹೇಳುತ್ತದೆ, ಅದಕ್ಕೆ ಅರ್ಥ ಹುಡುಕಬಾರದು.

ಕೋಡಿನ ತಪ್ಪುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಊನೊದಲ್ಲಿ ಇಂಟ್ ಅನ್ನುವ ಪೂರ್ಣಾಂಕ ಅಂದರೆ 16 ಬಿಟ್, 32767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಮಿಲಿವೋಲ್ಟ್ ಬೇಕು ಅಂತ ರೀಡಿಂಗನ್ನು 5000ದಿಂದ ಗುಣಿಸಿದರೆ 7 ಬಂದ ಕೂಡಲೇ ಉಕ್ಕಿಹೋಗಿ ಮೈನಸ್ ಸಂಖ್ಯೆ ಬರುತ್ತದೆ. ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್ ಅಥವಾ ಫ್ಲೋಟ್ ಬಳಸಿ. 5/1023 ಅಂತ ಪೂರ್ಣಾಂಕದಲ್ಲಿ ಬರೆದರೆ ಉತ್ತರ ಸೊನ್ನೆ. ಅನಲಾಗ್ ಪಿನ್ನಿನ ಪುಲ್‌ಅಪ್ ಆನ್ ಆಗಿಯೇ ಉಳಿದಿದ್ದರೆ 20ರಿಂದ 50 ಕಿಲೋಓಮಿನ ಒಂದು ರೆಸಿಸ್ಟರ್ ಒಳಗಿನಿಂದ ನಿಮ್ಮ ಸಿಗ್ನಲ್ಲನ್ನು ಮೇಲಕ್ಕೆ ಎಳೆಯುತ್ತಿರುತ್ತದೆ. 1023ರಿಂದ ಭಾಗಿಸಬೇಕಾ 1024ರಿಂದ ಭಾಗಿಸಬೇಕಾ ಅನ್ನುವ ಜಗಳ ಇದೆಯಲ್ಲ, ಅದರಲ್ಲಿ ಇರುವ ವ್ಯತ್ಯಾಸ ಸಾವಿರಕ್ಕೆ ಒಂದು. ರೆಫರೆನ್ಸೇ ನೂರಕ್ಕೆ ಆರು ತಪ್ಪಿರುವಾಗ ಈ ಜಗಳಕ್ಕೆ ಕೂತವರನ್ನು ಕಂಡರೆ ನಗು ಬರುತ್ತದೆ.

ಮೇಲೆ ಹೇಳಿದ್ದೆಲ್ಲ ಹೆಚ್ಚಾಗಿ ಊನೊ ಲೆಕ್ಕ. ಇಎಸ್‌ಪಿ32 ಬೋರ್ಡಿಗೆ ಅದೇ ಸೂತ್ರದಲ್ಲಿ 5ರ ಬದಲು 3.3, 1023ರ ಬದಲು 4095 ಹಾಕಿ ಬರೆದುಬಿಡುತ್ತಾರೆ. ಅದು ಹೊಂದುವುದಿಲ್ಲ. ಅದರ ಎಡಿಸಿ ನೇರ ಗೆರೆಯಲ್ಲಿ ಹೋಗುವುದಿಲ್ಲ, ಎರಡೂ ತುದಿಯಲ್ಲಿ ಬಾಗುತ್ತದೆ. ಅತಿ ಜಾಸ್ತಿ ಅಟೆನ್ಯುಯೇಶನ್ (ಒಳಬರುವ ವೋಲ್ಟೇಜನ್ನು ತಗ್ಗಿಸುವ ಸೆಟ್ಟಿಂಗ್) ಇಟ್ಟಾಗಲೂ ತಯಾರಕರು ಶಿಫಾರಸು ಮಾಡುವ ವ್ಯಾಪ್ತಿ 150ರಿಂದ 2450 ಮಿಲಿವೋಲ್ಟ್. ಎಲ್‌ಎಂ35 ಕೊಡುವ 10 ಡಿಗ್ರಿಯ 100 ಮಿಲಿವೋಲ್ಟ್ ಆ ವ್ಯಾಪ್ತಿಯ ಕೆಳಗೇ ಬೀಳುತ್ತದೆ, ಹಾಗಾಗಿ ಅಂಥ ಸೆನ್ಸರಿಗೆ ಅಟೆನ್ಯುಯೇಶನ್ ಕಡಿಮೆ ಮಾಡಬೇಕು. ಒಳಗಿನ ರೆಫರೆನ್ಸ್ ಚಿಪ್ಪಿನಿಂದ ಚಿಪ್ಪಿಗೆ 1000ದಿಂದ 1200 ಮಿಲಿವೋಲ್ಟ್ ಇರುತ್ತದೆ. ಮಿಲಿವೋಲ್ಟನ್ನೇ ನೇರ ಕೊಡುವ ಫಂಕ್ಷನ್ ಆರ್ಡುಯಿನೊ ಲೈಬ್ರರಿಯಲ್ಲೇ ಇದೆ, ಅದು ಕ್ಯಾಲಿಬ್ರೇಶನ್ ಲೆಕ್ಕ ಸೇರಿಸಿ ಹೇಳುತ್ತದೆ, ಅದನ್ನೇ ಬಳಸಿ. ಎಡಿಸಿ2 ಗುಂಪಿನ ಪಿನ್ನುಗಳು ವೈಫೈ ಆನ್ ಇದ್ದಾಗ ಓದಲು ಸಿಗುವುದಿಲ್ಲ. 'ವೈಫೈ ಹಾಕಿದ ಮೇಲೆ ಸೆನ್ಸರ್ ಸತ್ತಿತು' ಅನ್ನುವ ದೂರಿಗೆ ಬಹಳ ಸಲ ಇದೇ ಕಾರಣ. ಹಳೆಯ ಇಎಸ್‌ಪಿ8266 ಚಿಪ್ಪಿನ ಪಿನ್ 1 ವೋಲ್ಟಿಗೇ ಮುಗಿಯುತ್ತದೆ, ಕೆಲವು ಬೋರ್ಡುಗಳಲ್ಲಿ ಮಾತ್ರ 3.3ವರೆಗೆ ಕೊಡಲು ಎರಡು ರೆಸಿಸ್ಟರಿನ ಡಿವೈಡರ್ ಇರುತ್ತದೆ. ರಾಸ್ಪ್‌ಬೆರಿ ಪೈ ಪಿಕೊದಲ್ಲಿ ರೆಫರೆನ್ಸಿನ ದಾರಿಯಲ್ಲಿರುವ 200 ಓಮ್ ಫಿಲ್ಟರ್ ರೆಸಿಸ್ಟರಿನಲ್ಲಿ ಸುಮಾರು 30 ಮಿಲಿವೋಲ್ಟ್ ಬೀಳುತ್ತದೆ, ಇದನ್ನು ಅದರ ಡೇಟಾಶೀಟೇ ಒಪ್ಪಿಕೊಂಡಿದೆ.

ಸಂಪಾದಕರೇ, ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟೇ. ಸೆನ್ಸರ್ ಬರಹ ಅಚ್ಚು ಹಾಕುವಾಗ ಸೂತ್ರದಲ್ಲಿ 5.0 ಬದಲು 'ನಿಮ್ಮ ಬೋರ್ಡಿನಲ್ಲಿ ಅಳೆದ ರೆಫರೆನ್ಸ್' ಅಂತ ಹಾಕಿ, ಅದನ್ನು ಎಲ್ಲಿ ಮೀಟರ್ ಹಿಡಿದು ಅಳೆಯಬೇಕು ಅಂತ ಒಂದು ಸಾಲು ಸೇರಿಸಿ. ಒಂದು ಮೆಟ್ಟಿಲೇ ಅರ್ಧ ಡಿಗ್ರಿ ಇರುವ ಪ್ರಾಜೆಕ್ಟಿನ ಫೋಟೋದಲ್ಲಿ 28.74 ಅಂತ ಎರಡು ದಶಮಾಂಶ ತೋರಿಸಿ ಓದುಗರಿಗೆ ಇಲ್ಲದ ಭರವಸೆ ಕೊಡಬೇಡಿ, 28.5 ಅಂದರೆ ಸಾಕು. ಮತ್ತೆ ವೈರಿಂಗ್ ಚಿತ್ರ ಬರೆಯುವ ಕಲಾವಿದರಿಗೆ ದಯವಿಟ್ಟು ಹೇಳಿ: ಚಿತ್ರ ಚೊಕ್ಕವಾಗಿ ಕಾಣಲಿ ಅಂತ ಎಲ್ಲ ಕಪ್ಪು ತಂತಿಗಳನ್ನೂ ಒಂದೇ ಗೆರೆಗೆ ಸೇರಿಸಬೇಡಿ, ಹೀಟರಿನದ್ದು ಬೇರೆ ಎಳೆಯಿರಿ, ಸೆನ್ಸರಿನದ್ದು ಬೇರೆ ಎಳೆಯಿರಿ, ಎರಡೂ ಎಲ್ಲಿ ಸೇರುತ್ತವೆ ಅನ್ನುವುದಕ್ಕೆ ಒಂದು ಚುಕ್ಕೆ ಇಡಿ.

ಇಂತಿ,
ನಿಮ್ಮ ಪತ್ರಿಕೆಯ ಒಬ್ಬ ಓದುಗ